ಪೆರೇಸಂದ್ರದ ಹೈವೇ

ಪೆರೇಸಂದ್ರದ ಬಸ್‌ಸ್ಟಾಪಿನಲ್ಲಿ ಕವಿತಳ ಪಕ್ಕ ವಯಸ್ಸಾದ ಗಂಡಹೆಂಡತಿ ಕೂತಿದ್ದರು. ಗಂಡ ಬಯ್ಯಪ್ಪನ ಮೊಬೈಲಿನಲ್ಲಿ ಎಂಪಿ ಬಜೆಟ್ ಬಗ್ಗೆ ಮಾಡಿದ ಭಾಷಣ ಓಡುತ್ತಿತ್ತು.

“ಏನಂತೆ?” ಎಂದಳು ಹೆಂಡತಿ ಪೆದ್ದಮ್ಮ.

“ಓದಿಗೆ ದುಡ್ಡು ಜಾಸ್ತಿಯಂತೆ. ಗಡಿ ಕಾಯೋಕೆ ಇನ್ನೂ ಜಾಸ್ತಿಯಂತೆ.”

“ನಮ್ಮೂರಲ್ಲಿ ಮುಚ್ಚಿರೋ ಸ್ಕೂಲ್ ಮತ್ತೆ ತೆಗೀತಾರಂತಾ?”

“ನಾಕು ಮಕ್ಕಳಿಗೆ ಯಾರೇ ತೆಗೀತಾರೆ? ಅದರೊಳಗೆ ರೇಷ್ಮೆಹುಳ ಗೂಡು ಕಟ್ಟೋ ಚಂದ್ರಿಕೆ ತುಂಬವ್ರೆ.”

“ಗಡೀಲಿ ಅಷ್ಟು ಜನ ಅವ್ರೆ, ಸ್ಕೂಲಿಗೆ ಹೋಗೋ ನಮ್ಮ ಮೊಮ್ಮಗಳನ್ನ ಈ ಹೈವೇ ದಾಟ್ಸೋಕೆ ಒಬ್ರಿಲ್ವಾ?”

“ನೀನೇ ಎಂಪಿ ಆಗ್ಬಿಡೇ.”

ಪೆದ್ದಮ್ಮ ನಗಲಿಲ್ಲ. “ಅವಳಣ್ಣನ್ನ ಲಾರಿ ಹೊಡ್ದಿದ್ದು ಇಲ್ಲೇ ಅಲ್ವಾ? ಸಾಕು. ನಾಳೆಯಿಂದ ಸ್ಕೂಲ್ ಬಿಟ್ಟು ಹುಳಕ್ಕೆ ಸೊಪ್ಪು ಕೊಯ್ಯೋಕೆ ಬರ್ಲಿ.”

“ಚೆನ್ನಾಗಿ ಓದೋ ಮಗು ಕಣೇ.”

“ಉಳ್ದಿರೋ ಮಗೂನೂ ಅದೊಂದೇ.”

ಬಯ್ಯಪ್ಪ ಮೊಬೈಲ್ ಆರಿಸಿ ಜೇಬಿಗಿಟ್ಟ. ತಾನೂ ಆರನೇ ಕ್ಲಾಸಿಗೇ ಓದು ಬಿಟ್ಟು ಮನೆಯಲ್ಲಿ ಕೂತಿದ್ದ ಕವಿತಳ ಬಾಯಿತನಕ ‘ಸ್ಕೂಲ್ ಬಿಡಿಸಬೇಡಿ’ ಎಂಬ ಮಾತು ಬಂತು. ಅಷ್ಟರಲ್ಲಿ ಬಸ್ಸೂ ಬಂತು. ಗಂಡಹೆಂಡತಿ ಇಬ್ಬರೂ ಹತ್ತಿ ಹೋದರು.