ಕನ್ನಡಕ ಮೇಷ್ಟ್ರು ಕಂಡದ್ದು

ಅತ್ತಿಗೆಯವರೇ, ಮಗಳೇ, ಸಹೋದ್ಯೋಗಿಗಳೇ — ಬಲಗಡೆ ಕೂತ ನಮ್ಮ ಕಾಲೇಜಿನ ಹಳಬರೇ, ಎಡಗಡೆ ಕೂತ ರಸ್ತೆಯಾಚೆಯ ಕಾಲೇಜಿನ ಹಳಬರೇ — ಇವತ್ತೂ ಬೇರೆಬೇರೆಯಾಗೇ ಕೂತಿದ್ದೀರಲ್ಲ! ನಮ್ಮ ಕನ್ನಡಕ ಮೇಷ್ಟ್ರು ಇದ್ದಿದ್ದರೆ ಇದನ್ನೇ ಮೊದಲ ಸುದ್ದಿ ಮಾಡುತ್ತಿದ್ದ. ಶ್ರದ್ಧಾಂಜಲಿ ಸಭೆಯಲ್ಲಿ ‘ಅವರು’ ಅನ್ನಬೇಕು, ಗೊತ್ತು. ನನ್ನ ಬಾಯಿಗೆ ಬರುವುದಿಲ್ಲ. ಅತ್ತಿಗೆ ಕ್ಷಮಿಸಬೇಕು.

ಮೂವತ್ತಾರು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿದ್ದೆವು. ಅವನು ಚರಿತ್ರೆ ಹೇಳುತ್ತಿದ್ದ, ನಾನು ಹುಡುಗರನ್ನು ಮೈದಾನದಲ್ಲಿ ಓಡಿಸುತ್ತಿದ್ದೆ. ಅದಕ್ಕೂ ಮೊದಲು ಇಬ್ಬರೂ ಇಲ್ಲೇ ಓದಿದವರು. ಸೈಕಲ್ ಸ್ಟ್ಯಾಂಡಿನ ಪಕ್ಕದ ಕೋಣೆಯಲ್ಲಿ ಅವನು ಕಾಲೇಜಿನ ವಾರಪತ್ರಿಕೆಗೆ ಟೈಪ್‌ರೈಟರ್ ಕುಟ್ಟುತ್ತಿದ್ದ. ಸ್ಟೆನ್ಸಿಲ್ ಸಿದ್ಧವಾದರೆ ನಾನು ಪ್ರತಿ ತೆಗೆಯುವ ಸೈಕ್ಲೋಸ್ಟೈಲ್ ಮೆಷಿನ್ನಿನ ಹಿಡಿಕೆ ತಿರುಗಿಸಬೇಕು — ಹೀಗೆ, ಹೀಗೆ — ಮೊಣಕೈವರೆಗೂ ಮಸಿ! ಶನಿವಾರ ಎರಡು ಹಾಳೆ ಹೊರಬಂದರೆ ಎಡಗಡೆಯವರು ರಸ್ತೆ ದಾಟಿ ಕದ್ದು ಓದುತ್ತಿದ್ದಿರಿ. ಸುಳ್ಳೋ? ಯಾಕೆಂದರೆ ನಿಮ್ಮ ಗೋಲ್‌ಕೀಪರ್ ಚೆನ್ನಾಗಿ ಆಡಿದರೆ ಇವನು ‘ಚೆನ್ನಾಗಿ ಆಡಿದ’ ಅಂತಲೇ ಬರೆಯುತ್ತಿದ್ದ. ನಮ್ಮವರಿಂದ ಬೈಸಿಕೊಳ್ಳುತ್ತಿದ್ದ.

ನಮ್ಮೆರಡು ಕಾಲೇಜಿನ ಆ ಫುಟ್‌ಬಾಲ್ ಫೈನಲ್ ನಿಮಗೆಲ್ಲ ನೆನಪಿದೆ. ಕೊನೆಯ ನಿಮಿಷ, ನಾಯಕನಾಗಿದ್ದ ನನ್ನ ಗೋಲು, ನಮಗೆ ಕಪ್. ಹುಡುಗರು ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಆ ವಾರ ಹಿಡಿಕೆ ತಿರುಗಿಸಲು ನಾನು ಹೋಗಲಿಲ್ಲ. ಶನಿವಾರ ನೋಡಿದರೆ ಮೊದಲ ಪುಟದಲ್ಲಿ ಹೀಗಿತ್ತು: ‘ಗೋಲಿಗೆ ಮುಂಚೆ ಚೆಂಡು ನಮ್ಮ ನಾಯಕನ ಎಡಗೈಗೆ ತಗುಲಿತು. ರೆಫರಿ ನೋಡಲಿಲ್ಲ. ನಾನು ನೋಡಿದೆ.’

ಕ್ಯಾಂಪಸ್ಸು ಹೊತ್ತಿ ಉರಿಯಿತು. ಮರುವಾರ ಏನಾಯಿತು, ಗೊತ್ತಲ್ಲ? ಅದೇ ಜಾಗದಲ್ಲಿ ತಿದ್ದುಪಡಿ ಬಂತು — ‘ಸಂಪಾದಕನ ಕಣ್ಣು ತಪ್ಪಿತು. ಕ್ಷಮೆ ಇರಲಿ.’ ಯಾರೋ ಅವನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಕನ್ನಡಕ ಬರೆದರು. ಆ ಹೆಸರು ಅಂಟಿಕೊಂಡೇ ಬಿಟ್ಟಿತು. ಐವತ್ತು ದಾಟುವವರೆಗೂ ಅವನಿಗೆ ಕನ್ನಡಕವೇ ಇರಲಿಲ್ಲ! ‘ಚಿಕ್ಕಪ್ಪ, ಅಪ್ಪನಿಗೆ ಯಾಕೆ ಈ ಹೆಸರು?’ ಅಂತ ಮಗಳೇ, ನೀನು ಚಿಕ್ಕವಳಿದ್ದಾಗ ಕೇಳಿದ್ದೆ. ನಾನು ನಕ್ಕು ಮಾತು ಹಾರಿಸಿದೆ.

ಇವತ್ತು ಹೇಳುತ್ತೇನೆ. ತಿದ್ದುಪಡಿಗೆ ಮುಂಚಿನ ಸಂಜೆ ನಾನು ಆ ಕೋಣೆಗೆ ಹೋಗಿದ್ದೆ. ಆ ಕಪ್‌ನ ಬಲದ ಮೇಲೆಯೇ ನನಗೆ ಇಲ್ಲಿ ಕೆಲಸ ಸಿಗುವುದಿತ್ತು. ಅಪ್ಪ ಹಾಸಿಗೆ ಹಿಡಿದಿದ್ದರು. ಮನೆಗೆ ನಾನೊಬ್ಬನೇ ದಿಕ್ಕು. ಬರೆದದ್ದನ್ನು ವಾಪಸ್ ತಗೊ ಅಂತ ಬೇಡಿಕೊಂಡೆ. ಅವನು ಟೈಪ್‌ರೈಟರಿನಿಂದ ತಲೆ ಎತ್ತಲಿಲ್ಲ.

“ಕೈಗೆ ತಗುಲಿದ್ದು ನಿಜ ತಾನೇ?” ಅಂದ.

“ನಿಜ ಕಣೋ.”

“ಹಾಗಿದ್ರೆ ನನ್ನ ಕಣ್ಣೇ ತಪ್ಪಿತು ಅಂತ ಹಾಕ್ತೀನಿ ಬಿಡು. ನಿನಗೆ ಅನುಕೂಲ ಆದಾಗ ನೀನೇ ಸರಿಮಾಡು.”

ಅನುಕೂಲ! — ನಲವತ್ತೊಂದು ವರ್ಷ ನನಗೆ ಅನುಕೂಲ ಆಗಲಿಲ್ಲ, ಸ್ವಾಮಿ. ಕೆಲಸ ಸಿಕ್ಕಿತು, ಬಡ್ತಿ ಸಿಕ್ಕಿತು, ನಿವೃತ್ತಿಯೂ ಆಯಿತು. ದಿನಾ ಎದುರು ಕೂತು ಚಹಾ ಕುಡಿದ, ಒಂದು ದಿನವೂ ಕೇಳಲಿಲ್ಲ. ಹುಡುಗರು ‘ಕನ್ನಡಕ’ ಅಂದಾಗ ಅವರ ಜೊತೆ ನಾನೂ ನಗುತ್ತಿದ್ದೆ. ಅವನು ಬದುಕಿದ್ದಾಗಲೇ ಹೇಳಬೇಕಿತ್ತು. ಹೇಳಲಿಲ್ಲ.

ಚೆಂಡು ನನ್ನ ಕೈಗೆ ತಗುಲಿತ್ತು. ಇದೇ ಕೈ. ಅವನು ಕಂಡದ್ದು ಸರಿ, ಬರೆದದ್ದು ಸರಿ.

ಎಡಗಡೆ ಕೊನೆಯ ಸಾಲಿನಲ್ಲಿ — ಅವತ್ತಿನ ಗೋಲ್‌ಕೀಪರ್ ಇದ್ದಾರೆ. ಆ ಗೋಲು ಬಿಟ್ಟರು ಅಂತ ಅವರೂ ಎಷ್ಟೋ ಮಾತು ಕೇಳಿದವರು. ಸಾರ್, ನಿಮಗೂ — ಎದ್ದುಬಿಟ್ಟಿರಾ? ದಯವಿಟ್ಟು ಹೋಗಬೇಡಿ ಸಾರ್. ನನ್ನ ಮೇಲೆ ಸಿಟ್ಟಿರಲಿ, ಅವನಿಗೋಸ್ಕರ ಒಂದು ನಿಮಿಷ —

ಓ. ಈ ಕಡೆಗೇ ಬರುತ್ತಿದ್ದೀರಿ.

ಬನ್ನಿ. ಅವನ ಫೋಟೋ ಪಕ್ಕದಲ್ಲಿ ನಿಲ್ಲಿ, ನಾನು ಸರಿದುಕೊಳ್ಳುತ್ತೇನೆ. ಉಳಿದವರೂ ಏಳಿ — ಬಲಗಡೆಯವರು, ಎಡಗಡೆಯವರು, ಎಲ್ಲರೂ. ಇನ್ನು ಮಾತು ಬೇಡ.