ಮುದುಕಿ ಕೊಟ್ಟ ಬೊಗಸೆ ಮಣ್ಣು

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಊರಾಚೆ ಅವನದೊಂದು ದೊಡ್ಡ ಬಂಡೆ ಇತ್ತು. ನಮ್ಮ ಕಣ್ಣಿಗೆ ಬಂಡೆ, ಅವನ ಕಣ್ಣಿಗೆ ಜಲ್ಲಿ. ಸಿಡಿಸಿದ, ಲಾರಿಗೆ ತುಂಬಿಸಿದ, ಮಾರಿದ. ಮತ್ತೆ ಸಿಡಿಸಿದ, ಮತ್ತೆ ಮಾರಿದ. ಕಲ್ಲು ಮುಗಿಯಿತು, ಗುಂಡಿ ಉಳಿಯಿತು. ಅದರಲ್ಲಿ ದನ ಬಿದ್ದು ಸತ್ತಾಗ, ಬೇಲಿ ಹಾಕಿಸಿ ಎಂದು ಊರವರು ಬೆನ್ನು ಹತ್ತಿದರು. ಬೇಲಿಗೆ ಯಾರು ಖರ್ಚು ಮಾಡುತ್ತಾರೆ? ಗುಂಡಿಯನ್ನು ಊರಿಗೇ ದಾನ ಬರೆದುಕೊಟ್ಟು ಪಟ್ಟಣ ಸೇರಿದ. ಆಮೇಲೆ ಅತ್ತ ತಲೆ ಹಾಕಿಯೂ ಮಲಗಲಿಲ್ಲ. ನೋಡಿ, ಎಂಥ ಜಾಣ.

ಎಷ್ಟೋ ವರ್ಷದ ಮೇಲೆ ಊರಿನಿಂದ ಕರೆ ಬಂತು. "ನೀವು ಕೊಟ್ಟ ಜಾಗ ಈಗ ಪಾರ್ಕ್ ಆಗೈತೆ ಸ್ವಾಮಿ. ಬಂದು ನೋಡಿ, ಸನ್ಮಾನ ಇಟ್ಕಂಡಿದ್ದೀವಿ."

ಸನ್ಮಾನ ಎಂದರೆ ಬಿಡುತ್ತಾನೆಯೇ? ಗರಿಗರಿ ಅಂಗಿ ತೊಟ್ಟು ಬಂದ. ಕಾರು ಇಳಿದವನು ಬೆರಗಾಗಿ ನಿಂತ. ಗುಂಡಿಯ ಕಲ್ಲುಗೋಡೆಯ ಬಿರುಕಿನಲ್ಲಿ ದಾಸವಾಳ, ತಳದ ನೀರಿನಲ್ಲಿ ತಾವರೆ. ಗೇಟಿನಲ್ಲಿ ಸಾಲು ನಿಂತ ಜನರ ಕೈಯಲ್ಲೆಲ್ಲ ಮಣ್ಣು. ಯಾಕೆ? ಬರೀ ಕಲ್ಲಲ್ಲಿ ಗಿಡ ಬೆಳೆದೀತೇ? ಒಳಗೆ ಬರುವವರು ತಮ್ಮ ಹಿತ್ತಲಿನ ಒಂದು ಬೊಗಸೆ ಮಣ್ಣು ತಂದು ಗಿಡದ ಬುಡಕ್ಕೆ ಹಾಕಬೇಕು. ಅಲ್ಲಿ ಅದೇ ಟಿಕೆಟ್ಟು. ಹಾಗೆ ಹಾಕಿ ಹಾಕಿಯೇ ತೋಟ ಆದದ್ದು. ಶ್ರೀಮಂತನ ಕೈಯಲ್ಲಿ ಉಂಗುರವಿತ್ತು, ಮಣ್ಣಿರಲಿಲ್ಲ.

ಮುಂದೆ ನಿಂತಿದ್ದ ಮುದುಕಿ ತಿರುಗಿದಳು. ಅವನಿಗೆ ಗುರುತು ಹತ್ತಿತು. ಇದೇ ಕ್ವಾರಿಯಲ್ಲಿ ಜಲ್ಲಿ ಒಡೆಯುತ್ತಿದ್ದವಳು. ಕಲ್ಲು ಸಿಡಿದು ಗಂಡನ ಕಣ್ಣು ಹೋದಾಗ ಅಳುತ್ತ ಬಂದವಳಿಗೆ "ನೋಡ್ಕೊಂಡು ಕೆಲಸ ಮಾಡ್ಬೇಕಿತ್ತು" ಎಂದು ಬಾಗಿಲು ಹಾಕಿದ್ದ. ಈಗ ನಾಲ್ಕು ಜನರೆದುರು ಬೈಯುತ್ತಾಳೆ ಎಂದುಕೊಂಡ. ಅವಳು ಬೈಯಲಿಲ್ಲ. ಸೆರಗಿನಲ್ಲಿದ್ದ ಮಣ್ಣಿನಲ್ಲಿ ಅರ್ಧ ತೆಗೆದು ಅವನ ಬೊಗಸೆಗೆ ಸುರಿದಳು.

"ಹಿಡ್ಕಳಿ ಬುದ್ಧಿ. ಬರಿಗೈಲಿ ಒಳಕ್ಕೋದ್ರೆ ನಿಮ್ಗೆ ಅವಮಾನ ಆಯ್ತದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಇದನ್ನು ಹೇಗೆ ತಡೆದುಕೊಳ್ಳುವುದು ಹೇಳಿ? ನಾಚಿಕೆಯಿಂದ ಭೂಮಿಗಿಳಿದು ಹೋದ. ವೇದಿಕೆಯಲ್ಲಿ 'ದಾನಿಗಳು' ಎಂದು ಕರೆದು ಹಾರ ತಂದಾಗ ಅವನ ಕೈಯಲ್ಲಿ ಇನ್ನೂ ಆ ಮಣ್ಣಿತ್ತು.

"ಹಾರ ಬೇಡ. ನಾನು ದಾನ ಮಾಡ್ಲಿಲ್ಲ, ನನಗೆ ಬೇಡವಾದದ್ದನ್ನ ನಿಮ್ಮ ತಲೆಗೆ ಕಟ್ಟಿದೆ," ಎಂದ. "ಈ ಮಣ್ಣೂ ನಂದಲ್ಲ. ಆಯಮ್ಮಂದು."

ಛೀ, ಎಂಥ ಮನುಷ್ಯ ಎನ್ನುತ್ತಿದ್ದೀರಿ, ಅಲ್ಲವೇ? ಅವನಾದರೂ ಒಪ್ಪಿಕೊಂಡ. ನಾವು? ಕಾಲರು ಹರಿದ ಅಂಗಿ, ವಾಸನೆ ಬಂದ ಹುಳಿ, ತಿರುಗದ ಫ್ಯಾನು, ಎಲ್ಲವನ್ನೂ ಮನೆಗೆಲಸದವಳ ಕೈಗಿಟ್ಟು, ಅವಳು 'ಒಳ್ಳೇದಾಗ್ಲಿ ಅಮ್ಮ' ಎನ್ನುವವರೆಗೂ ಬಾಗಿಲಲ್ಲಿ ನಿಂತಿರುತ್ತೇವೆ. ಅದು ದಾನವೇ ತಾಯಂದಿರೇ? ನಾವು ಕೊಟ್ಟದ್ದು ಗುಂಡಿ. ಬರೀ ಗುಂಡಿ.

ನಾಳೆ ಬೆಳಿಗ್ಗೆ ಅವಳು ಬಂದಾಗ, ಮನೆಯವರು ತಿನ್ನುವ ಮೊದಲು, ಒಲೆಯಿಂದ ಈಗಷ್ಟೇ ಇಳಿಸಿದ ತಿಂಡಿ ಅವಳಿಗೆ ಬಡಿಸಿ. ಅವಳಿಗೆಂದು ಹಿತ್ತಲ ಕಿಟಕಿಯಲ್ಲಿ ಒಂದು ತಟ್ಟೆ ಬೇರೆ ಇಟ್ಟಿದ್ದೀರಲ್ಲ, ಅದರಲ್ಲಲ್ಲ. ನೀವು ಉಣ್ಣುವ ತಟ್ಟೆಯಲ್ಲಿ.