ಆಗಸ್ಟ್ ಹದಿನಾಲ್ಕರ ನೀರು

ಚಾ ಬ್ಯಾಡ್ರಿ ಕಮಲಿಬಾಯಿ, ಇಲ್ಲೇ ಕಟ್ಟಿ ಮ್ಯಾಗ ಕೂಡ್ತೇನಿ... ಯಾಕ ನಗಾಕತ್ತೀರಿ? ಪ್ಯಾಂಟ್ ನೋಡಿ? ಹೌದ್ರಿ, ನಿಮ್ಮ ಹಳ್ಳ ದಾಟೂ ಮುಂದ ಜಾರಿ ಬಿದ್ದೆ. ಮೂರು ಮಳಿಗಾಲ ಇದ ಹಳ್ಳದಾಗ ಎಷ್ಟು ನೀರು ಹರೀತೈತಿ ಅಂತ ಅಭ್ಯಾಸ ಮಾಡಿದಾವ ನಾನು, ಎಲ್ಲಿ ಕಾಲಿಡಬೇಕು ಅನ್ನೂದು ಮಾತ್ರ ಕಲೀಲಿಲ್ಲ. ನಗ್ರಿ, ನಗ್ರಿ. ಹಳಿಯಾಳದಾಗ ನಮ್ಮ ಕಾಲೇಜಿನ ಹುಡುಗರು ನನಗ ‘ಹಳ್ಳದ ಶೇಖಪ್ಪ’ ಅಂತಾರ. ಹಿಂದಿನಿಂದ ಅಂತಾರ, ಆದ್ರ ನನಗ ಕೇಳೂ ಹಂಗ ಅಂತಾರ.

ನಿಮ್ಮ ಮೈದುನ ರೂಪ್ಲಪ್ಪನ ಕಾಲು ಹೆಂಗೈತಿ? ಇನ್ನೂ ಮುಂಡಗೋಡ ದವಾಖಾನ್ಯಾಗ?... ಹೂಂ. ಎತ್ತು ಉಳದ್ವು, ಚಕ್ಕಡಿ ಹೋತು, ಕಾಲು ಮುರೀತು. ಕೊಚ್ಚಿ ಹೋದ ಸೇತುವೆ ನೋಡಿ ಬಂದೆ. ಮೂರು ಸಿಮೆಂಟ್ ಪೈಪಿನಾಗ ಎರಡು ಗದ್ದ್ಯಾಗ ಬಿದ್ದಾವ, ಮೂರನೇದು ಕಾಣಲಿಲ್ಲ. ಮೂರು ಪೈಪ್ ಸಾಕು ಅಂದಾವ ಯಾರು? ನಾನ. ನನ್ನ ಪ್ರಬಂಧ ಓದಿ ಎಂಜಿನಿಯರ್ ಕಟ್ಟಿಸಿದ್ದು. ನನ್ನ ಪ್ರಬಂಧ ಓದಿದ ಮನಷ್ಯಾ ಅಂವ ಒಬ್ಬನ, ಅಂವಗ ಹಿಂಗಾತು.

ನಾಳೆ ವಿಚಾರಣಿಗೆ ಬರ್ತಾರ. ಹಳ್ಳದ ಅಳತಿ ತಪ್ಪಿದ್ದು ಯಾರಿಂದ ಅಂತ ಕೇಳ್ತಾರ. ಅದಕ್ಕ ಒಂದು ಕಾಗದ ಬರಕೊಂಡು ಬಂದೇನಿ, ಕೇಳ್ರಿ: ‘ತೊಂಬತ್ತೆಂಟರ ಆಗಸ್ಟ್ ಹದಿನಾಲ್ಕಕ್ಕ ನಾನು ಹಳ್ಳದ ಅಳತಿ ಪಟ್ಟಿ ನೋಡಲಿಕ್ಕೆ ಹೋಗಿರಲಿಲ್ಲ, ಅಂದಾಜಿನ ಮೇಲೆ ನಲವತ್ತೆರಡು ಸೆಂಟಿಮೀಟರ್ ಎಂದು ಬರೆದೆ.’ ಇಷ್ಟ. ಕೆಳಗ ನಿಮ್ಮ ಸಹಿ. ನಿಮಗೇನು ಆಗೂದೈತ್ರಿ? ನನಗ ಮುಂದಿನ ತಿಂಗಳ ಪಿಎಚ್‌ಡಿ ಸಿಗೂದೈತಿ. ಏಳು ವರ್ಷ ಆತು. ನಮ್ಮ ಮನ್ಯಾಗಿನಾಕಿ ಬಾಗಲಿಗೆ ‘ಡಾಕ್ಟರ್’ ಅಂತ ಬೋರ್ಡ್ ಬರಿಸಿ, ಮಂಚದ ಬುಡಕ ಇಟ್ಟಾಳ...

ತಗೋರಿ, ಹಿಡೀರಿ ಕಾಗದ.

ಅಂಗನವಾಡಿ ಕೆಲಸಕ್ಕ ಅರ್ಜಿ ಹಾಕೀರಿ, ಗೊತ್ತೈತಿ. ಅದಕ್ಕೇನೂ ಅಡ್ಡಿ ಬರೂದಿಲ್ಲ. ತಾಂಡಾದಾಗ ನಾಕು ಮಂದಿ ಏನರೆ ಅಂದಾರು... ಕಮಲಿ ಸುಳ್ಳು ಬರದಳು, ಮೈದುನನ ಕಾಲು ಮುರೀತು ಅಂತ... ಮರೀತಾರ್ರಿ. ಮಂದಿ ಮರೀತಾರ.

ನೀವು ದಿನಾ ನೀರಿನ ಅಳತಿ ಬರದ ವಹಿ ಬೇಕಾ? ಐತಿ, ತಂದೇನಿ. ನೋಡ್ರಿ, ನಿಮ್ಮದ ಅಕ್ಷರ. ಸಾಕ್ಷರತಾ ಕ್ಲಾಸಿನಾಗ ಕಲ್ತು ಒಂದ ವರ್ಷಕ್ಕ ಎಷ್ಟು ದುಂಡಗ ಬರದೀರಿ! ಮಳ್ಯಾಗ ಶಾಯಿ ಹರೀತೈತಿ, ಪೆನ್ಸಿಲ್‌ಲೇ ಬರೀರಿ ಅಂತ ನಾನ ಹೇಳಿದ್ದೆ. ಮೂವತ್ತೆಂಟು, ನಲವತ್ತು, ನಲವತ್ತೊಂದು... ಹಾಂ, ಇದು ಹದಿನಾಲ್ಕನೇ ತಾರೀಖು. ನಲವತ್ತೆರಡು.

ಬೆರಳು ಯಾಕ ಅಲ್ಲೇ ಇಟ್ಟೀರಿ? ಕಾಗದ ಸವದೈತಿ, ಅಷ್ಟ. ತೇವ ಹತ್ತಿರಬೇಕು... ಆ ಒಂದ ಸಾಲಿಗೆ ಹೆಂಗ ಹತ್ತಿತೋ ಏನೋ. ಬೈರಿ ಬೇಕಾದ್ರ. ಹಂಗ ನೋಡಬ್ಯಾಡ್ರಿ.

...ನೀವು ನಾಕರ ಅಂಕಿ ಹಿಂಗ ಬರಿಯೂದಿಲ್ಲ. ಗೊತ್ತೈತಿ. ಇದು ನನ್ನ ಕೈಯ ನಾಕು.

ನೀವು ಬರದದ್ದು ಬ್ಯಾರೆ ಇತ್ತು. ‘ಪಟ್ಟಿ ಮುಳುಗೇತಿ, ನೀರು ನನ್ನ ಎದಿ ಮಟ.’ ಕಮಲಿಬಾಯಿ, ನನ್ನ ಗ್ರಾಫಿನಾಗ ಎಲ್ಲಾ ಚುಕ್ಕಿ ಒಂದ ಗೆರಿ ಮ್ಯಾಗ ಬಂದು ಕುಂತಿದ್ವು. ಎಷ್ಟು ಚಂದ ಕುಂತಿದ್ವು ಅಂತೀರಿ! ಇದೊಂದು ಚುಕ್ಕಿ ಹಾಕಿದ್ರ ಕಾಗದದ ಹೊರಗ ಹೋಗ್ತಿತ್ತು. ಎದಿ ಮಟ ಅಂದ್ರ ಎಷ್ಟು ಸೆಂಟಿಮೀಟರೋ ಅಂತ ಸ್ಟಾಫ್ ರೂಮಿನಾಗ ಓದಿ ತೋರಿಸಿದೆ. ಎಲ್ಲಾರೂ ನಕ್ಕರು. ಎಲ್ಲಾರಕ್ಕಿಂತ ಜೋರ ನಾನ ನಕ್ಕೆ. ಆಮ್ಯಾಗ ರಬ್ಬರ್ ತಗೊಂಡೆ.

ಎದಿ ಮಟ ಅನ್ನೂದು ದಂಡಿ ಮ್ಯಾಗ ನಿಂತಾಕಿಗೆ ತಿಳಿಯೂದಿಲ್ಲ. ನೀವು ಆ ನೀರಾಗ ಇಳದಿದ್ರಿ. ಒಂದು ದಿವಸಾನೂ ತಪ್ಪಿಸಬ್ಯಾಡ್ರಿ ಅಂತ ನಾನು ಹೇಳಿದ್ದೆ, ಅದಕ್ಕ ಇಳದ್ರಿ. ಇದು ಇಷ್ಟು ದಿವಸ ನನ್ನ ತಲಿಗೆ ಹೊಳೀಲೇ ಇಲ್ಲ ನೋಡ್ರಿ. ನಾನು ಶಾಣ್ಯಾ ಅಂತ, ಪಿಎಚ್‌ಡಿ ಅಂತ... ನನಗ ನಾಚಿಕಿ ಆಗತೈತಿ.

ಯಾಕ ಎದ್ರಿ? ಒಳಗ ಹೋಗಬ್ಯಾಡ್ರಿ... ಓ. ನೀವು ಕೈ ಇಟ್ಟಲ್ಲೀ ತನಕ ಬಂದಿತ್ತಾ ನೀರು? ಕೈ ಹಂಗ ಹಿಡೀರಿ, ಸರಸಬ್ಯಾಡ್ರಿ. ನನ್ನ ಹಂತ್ಯಾಕ ಟೇಪ್ ಐತಿ. ನೆಲದಿಂದ ಹಿಡೀತೇನಿ...

ನೂರಾ ಹತ್ತು.

ನೂರಾ ಹತ್ತರಿ, ಕಮಲಿಬಾಯಿ. ಆ ಕಾಗದ ಇತ್ಲಾಗ ಕೊಡ್ರಿ. ಸಹಿ ನಾನು ಮಾಡ್ತೇನಿ.